72ರ ತಂದೆ ಒಂದೇ ಹೊತ್ತು ಉಣ್ಣುತ್ತಿದ್ದಾರೆ: ಇದರಿಂದ ಆಯುಷ್ಯ ಹೆಚ್ಚುವುದುಂಟೇ?

ಪ್ರಶ್ನೆ: ಹೇಮಾವತಿ ತೀರದವನು

‘ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ’ ಎಂಬ ಗಾದೆಯನ್ನು ನಮ್ಮ ತಂದೆ ಮೊದಲಿನಿಂದಲೂ ಹೇಳುತ್ತಿದ್ದವರೇ. ಆದರೆ ಕಡಿಮೆ ತಿಂದ ಇಲಿಗಳು ಹೆಚ್ಚು ಕಾಲ ಬದುಕುತ್ತವೆ ಎಂಬ ವಿಡಿಯೊ ಒಂದನ್ನು ನೋಡಿದ ಮೇಲೆ, ಕಳೆದ ಐದು ತಿಂಗಳಿಂದ ಅದನ್ನು ಅಕ್ಷರಶಃ ಪಾಲಿಸುತ್ತಿದ್ದಾರೆ. ಅವರಿಗೀಗ 72 ವರ್ಷ. ಮಧ್ಯಾಹ್ನ ಒಂದು ಮುದ್ದೆ, ಸೊಪ್ಪಿನ ಬಸ್ಸಾರು, ಒಂದು ಹಿಡಿ ಅನ್ನ, ಮಜ್ಜಿಗೆ. ಅದು ಬಿಟ್ಟರೆ ಎರಡು ಲೋಟ ಸಕ್ಕರೆಯಿಲ್ಲದ ಕಾಫಿ. ತೂಕ 64 ಕಿಲೊದಿಂದ 58ಕ್ಕೆ ಇಳಿದಿದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದು, ಈಗ ಸಕ್ಕರೆಯ ಅಂಶ ಹತೋಟಿಗೆ ಬಂದಿರುವುದರಿಂದ ಅವರ ಉತ್ಸಾಹ ಇಮ್ಮಡಿಯಾಗಿದೆ. ನನಗೆ ಕಾಣುತ್ತಿರುವುದು ಬೇರೆ: ಜಗುಲಿಯಿಂದ ಏಳುವಾಗ ಈಚೆಗೆ ಅವರ ಕೈ ತಾನಾಗಿಯೇ ಕಂಬವನ್ನು ಹುಡುಕುತ್ತದೆ. ಇಲಿಗಳ ವಿಷಯ ನಿಜವೇ? ನಿಜವಾದರೆ ಅದು ಈ ವಯಸ್ಸಿನ ಮನುಷ್ಯರಿಗೂ ಅನ್ವಯಿಸುತ್ತದೆಯೇ?

ಉತ್ತರ: ನಿವೃತ್ತ ಜೀವಶಾಸ್ತ್ರ ಮೇಷ್ಟ್ರು

ಇಲಿಗಳ ವಿಷಯ ನಿಜ, ಹಳೆಯದೂ ಹೌದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ 1935ರಲ್ಲಿಯೇ ಇದನ್ನು ತೋರಿಸಿದ್ದರು. ಅವರು ಇಲಿಗಳಿಗೆ ಕ್ಯಾಲೊರಿಯನ್ನು ಕಡಿತ ಮಾಡಿದರೇ ಹೊರತು ವಿಟಮಿನ್ನುಗಳನ್ನೂ ಖನಿಜಗಳನ್ನೂ ಕಡಿತ ಮಾಡಲಿಲ್ಲ ಎಂಬುದನ್ನು ವಿಡಿಯೊ ಮಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಮಂಗಗಳ ಕಥೆ ಇನ್ನೂ ಸ್ವಾರಸ್ಯಕರವಾದುದು. ಅಮೆರಿಕದಲ್ಲಿ 1980ರ ದಶಕದ ಕೊನೆಯಲ್ಲಿ ರೀಸಸ್ ಮಂಗಗಳ ಮೇಲೆ ಎರಡು ಪ್ರಯೋಗಗಳು ಆರಂಭವಾದವು. ಎರಡರಲ್ಲಿಯೂ ಒಂದು ಗುಂಪಿಗೆ ಶೇ. 30ರಷ್ಟು ಕಡಿಮೆ ಆಹಾರ. ಕಡಿಮೆ ತಿಂದ ಮಂಗಗಳಲ್ಲಿ ಮುಪ್ಪಿನ ಕಾಯಿಲೆಗಳೂ ಅವುಗಳಿಂದಾದ ಸಾವುಗಳೂ ಕಡಿಮೆ ಎಂದು ವಿಸ್ಕಾನ್ಸಿನ್‌ನವರು 2009ರಲ್ಲಿ ಪ್ರಕಟಿಸಿದರೆ, ಆಯುಷ್ಯದಲ್ಲಿ ವ್ಯತ್ಯಾಸವೇ ಇಲ್ಲವೆಂದು ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯವರು 2012ರಲ್ಲಿ ಪ್ರಕಟಿಸಿದರು. ಜಗಳದ ಮೂಲ ತಟ್ಟೆಯಲ್ಲಿಯೇ ಇತ್ತು. ವಿಸ್ಕಾನ್ಸಿನ್ ಮಂಗಗಳ ಆಹಾರದಲ್ಲಿ ಶೇ. 28ರಷ್ಟು ಸಕ್ಕರೆಯಿತ್ತು, ಹೋಲಿಕೆಗೆ ಇಟ್ಟ ಗುಂಪು ಅದನ್ನು ಹೊಟ್ಟೆ ತುಂಬ ತಿನ್ನುತ್ತಿತ್ತು. ಇನ್ನೊಂದು ಕಡೆ ಸಕ್ಕರೆ ಶೇ. 4ಕ್ಕಿಂತ ಕಡಿಮೆಯಿದ್ದು, ಹೋಲಿಕೆಯ ಗುಂಪಿಗೂ ಅಳತೆ ಮಾಡಿಯೇ ಹಾಕುತ್ತಿದ್ದರು. ಅತಿಯಾಗಿ ತಿನ್ನುವುದು ಆಯುಷ್ಯವನ್ನು ಕಡಿಮೆ ಮಾಡುತ್ತದೆ ಎಂಬುದು ಇದರಿಂದ ಗಟ್ಟಿಯಾಗುತ್ತದೆಯೇ ಹೊರತು, ಹದವಾಗಿ ತಿನ್ನುವವನು ಇನ್ನೂ ಕಡಿಮೆ ತಿಂದರೆ ಲಾಭ ಎಷ್ಟು ಎಂಬುದು ಅಷ್ಟು ಗಟ್ಟಿಯಾಗುವುದಿಲ್ಲ ಎಂದು ನನ್ನ ಎಣಿಕೆ. ಎರಡೂ ತಂಡಗಳು 2017ರಲ್ಲಿ ಒಟ್ಟಾಗಿ ಬರೆದು, ವಯಸ್ಕ ಮಂಗಗಳಲ್ಲಿ ಆರೋಗ್ಯಕ್ಕೆ ಅನುಕೂಲವಿದೆ ಎಂಬಲ್ಲಿಗೆ ಬಂದು ನಿಂತರು.

ಮನುಷ್ಯರ ಮೇಲೆ ನಡೆದ ಮುಖ್ಯ ಪ್ರಯೋಗ ‘ಕ್ಯಾಲರಿ’ ಎಂಬುದು. ಸ್ಥೂಲಕಾಯರಲ್ಲದ 200ಕ್ಕೂ ಹೆಚ್ಚು ಜನರಿಗೆ ಎರಡು ವರ್ಷ ಶೇ. 25ರಷ್ಟು ಕಡಿಮೆ ಉಣ್ಣಲು ಹೇಳಿದರೆ, ಅವರಿಗೆ ಸಾಧ್ಯವಾದದ್ದು ಸರಾಸರಿ ಶೇ. 12. ರಕ್ತದೊತ್ತಡ, ಕೊಲೆಸ್ಟ್ರಾಲ್ ಸುಧಾರಿಸಿದವು. ಡಿಎನ್‌ಎ ಮೇಲಿನ ಗುರುತುಗಳಿಂದ ಮುಪ್ಪಿನ ವೇಗವನ್ನು ಅಳೆಯುವ ಒಂದು ವಿಧಾನದಲ್ಲಿ ಆ ವೇಗ ಶೇ. 2–3ರಷ್ಟು ತಗ್ಗಿತ್ತು; ಬೇರೆ ಎರಡು ವಿಧಾನಗಳಲ್ಲಿ ಏನೂ ಕಾಣಲಿಲ್ಲ. ನಿಮ್ಮ ಪ್ರಶ್ನೆಗೆ ಮುಖ್ಯವಾದದ್ದು ಮುಂದಿನ ಮಾತು: ಅದರಲ್ಲಿ ಭಾಗವಹಿಸಿದವರು 21ರಿಂದ 50 ವರ್ಷದವರು, ಮತ್ತು ಅವರಲ್ಲಿಯೂ ಮೂಳೆಯ ಸಾಂದ್ರತೆ ಸ್ವಲ್ಪ ಇಳಿಯಿತು.

ಉತ್ತರ: ವೃದ್ಧರ ಫಿಸಿಯೋಥೆರಪಿಸ್ಟ್, ಮೈಸೂರು

ನನಗೆ ಇಲಿಗಿಂತ ಆ ಕಂಬವೇ ಮುಖ್ಯ. ಐದು ತಿಂಗಳಲ್ಲಿ ಆರು ಕಿಲೊ ಎಂದರೆ ದೇಹದ ತೂಕದ ಶೇ. 9ಕ್ಕಿಂತ ಹೆಚ್ಚು, ಮತ್ತು ವ್ಯಾಯಾಮವಿಲ್ಲದೆ ಇಳಿದ ತೂಕದಲ್ಲಿ ಕೊಬ್ಬಿನ ಜೊತೆಗೆ ಮಾಂಸಖಂಡವೂ ಹೋಗಿರುತ್ತದೆ. ಮೂವತ್ತರವನಿಗೆ ಅದು ಮರಳಿ ಬರುತ್ತದೆ. ಎಪ್ಪತ್ತು ದಾಟಿದವರಿಗೆ ಸುಲಭವಾಗಿ ಬರುವುದಿಲ್ಲ. ತೊಡೆಯ ಬಲ ಕುಗ್ಗಿದವರು ಬಚ್ಚಲಿನಲ್ಲಿ ಜಾರುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ, ಆಮೇಲೆ ಹಾಸಿಗೆ. ಕಡಿಮೆ ಉಂಡು ಗಳಿಸಿದ ಆಯುಷ್ಯವೇನಾದರೂ ಇದ್ದರೆ ಅದು ಅಲ್ಲಿಗೆ ಮುಗಿಯಿತು.

ತಟ್ಟೆಯ ಲೆಕ್ಕವನ್ನೇ ಹಾಕಿ ನೋಡೋಣ. ಒಂದು ಮುದ್ದೆಗೆ ನೂರು ಗ್ರಾಂ ರಾಗಿಹಿಟ್ಟು ಎಂದುಕೊಂಡರೆ ಅದರಲ್ಲಿ ಪ್ರೋಟೀನ್ 7 ಗ್ರಾಂ. ಬಸ್ಸಾರಿನ ಕಾಳು, ಅನ್ನ, ಮಜ್ಜಿಗೆ ಎಲ್ಲ ಸೇರಿದರೂ ಇಪ್ಪತ್ತರ ಆಸುಪಾಸು. ವಯಸ್ಸಾದವರಿಗೆ ಕಿಲೊ ತೂಕಕ್ಕೆ ಒಂದು ಗ್ರಾಂ, ಇಲ್ಲವೇ ಅದಕ್ಕಿಂತ ತುಸು ಹೆಚ್ಚು ಬೇಕೆಂದು ತಜ್ಞರು ಹೇಳುತ್ತಾರೆ; ಎಂದರೆ ನಿಮ್ಮ ತಂದೆಗೆ 58 ಗ್ರಾಂ. (ಮೂತ್ರಪಿಂಡದ ತೊಂದರೆ ಇದ್ದರೆ ಈ ಲೆಕ್ಕ ಬೇರೆ.) ಒಂದೇ ಹೊತ್ತಿನಲ್ಲಿ ಅಷ್ಟನ್ನು ಉಣ್ಣುವುದು ಅವರಿಂದ ಆಗದ ಮಾತು.

ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, ಗೋಡೆಗೆ ಒರಗಿಸಿದ ಕುರ್ಚಿಯಿಂದ ಐದು ಸಲ ಎದ್ದು ಕೂರಿಸಿ, ಗಡಿಯಾರ ನೋಡಿ. ನೀವು ಪಕ್ಕದಲ್ಲಿಯೇ ನಿಂತಿರಿ. ಏಷ್ಯಾದವರಿಗಾಗಿ 2019ರಲ್ಲಿ ಮಾಡಿದ ಮಾನದಂಡದ ಪ್ರಕಾರ 12 ಸೆಕೆಂಡಿಗೆ ಮುಟ್ಟಿದರೆ ಅಥವಾ ಮೀರಿದರೆ ಎಚ್ಚರ ವಹಿಸಬೇಕು. ಹಾಗೆಂದು ಕೈಚೆಲ್ಲಬೇಕಿಲ್ಲ: 1990ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವಯಸ್ಸಿನವರಿಗೆ ಎಂಟು ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದಾಗ ಅವರ ಕಾಲಿನ ಬಲ ಎರಡೂವರೆ ಪಟ್ಟು ದಾಟಿತ್ತು.

ಉತ್ತರ: ಏಕಾದಶಿ ಬಿಡದವಳು

ಉಪವಾಸವನ್ನು ಪೂರ್ತಿ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಹಸಿವಿಗಿಟ್ಟ ಯೀಸ್ಟ್ ಕೋಶಗಳು ತಮ್ಮ ಹಳೆಯ ಸಾಮಾನನ್ನು ತಾವೇ ಒಡೆದು ಮರುಬಳಸುವ ಆಟೋಫೇಜಿಯ ಕುರಿತ ಕೆಲಸಕ್ಕೇ ಅಲ್ಲವೇ ಜಪಾನಿನ ಯೋಶಿನೋರಿ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಬಂದದ್ದು? ಆಹಾರ ಕಡಿಮೆಯಾದಾಗ ಜೀವಕೋಶದಲ್ಲಿ ಬೆಳವಣಿಗೆಯನ್ನು ನಡೆಸುವ ಎಂಟಾರ್ ಎಂಬ ಪ್ರೋಟೀನ್ ತಣ್ಣಗಾಗುತ್ತದೆ, ರಿಪೇರಿ ಕೆಲಸ ಶುರುವಾಗುತ್ತದೆ. ಅದೇ ಎಂಟಾರ್ ಅನ್ನು ತಡೆಯುವ ರಾಪಮೈಸಿನ್ ಮದ್ದನ್ನು 600 ದಿನದ ಮುದಿ ಇಲಿಗಳಿಗೆ ಕೊಟ್ಟಾಗಲೂ ಅವುಗಳ ಆಯುಷ್ಯ ಹೆಚ್ಚಿತೆಂದು 2009ರಲ್ಲಿ ವರದಿಯಾಯಿತು. ಎಂದ ಮೇಲೆ ತಡವಾಗಿ ಶುರುಮಾಡಿದರೂ ಫಲವಿದೆ ಎಂದಾಗಲಿಲ್ಲವೇ?

ಉತ್ತರ: ನಿವೃತ್ತ ಜೀವಶಾಸ್ತ್ರ ಮೇಷ್ಟ್ರು

ಮದ್ದಿನ ವಿಷಯದಲ್ಲಿ ಆಯಿತು, ಊಟದ ವಿಷಯದಲ್ಲಿ ಆಗಲಿಲ್ಲ. ಜೀವನವಿಡೀ ಹೊಟ್ಟೆ ತುಂಬ ತಿಂದ ಇಲಿಗಳಿಗೆ ಎರಡು ವರ್ಷ ತುಂಬಿದ ಮೇಲೆ ಆಹಾರ ಕಡಿತ ಮಾಡಿದರೆ ಲಾಭ ಅತ್ಯಲ್ಪವೆಂದು 2019ರ ಪ್ರಯೋಗವೊಂದು ತೋರಿಸಿದೆ. ಅಲ್ಲದೆ, ಮಾಂಸಖಂಡ ಬೆಳೆಯಲು ಬೇಕಾದದ್ದೂ ಅದೇ ಎಂಟಾರ್. ಅದನ್ನು ಸದಾ ತಣ್ಣಗಿಟ್ಟರೆ ಜಗುಲಿಯಿಂದ ಏಳಿಸುವವರು ಯಾರು? ತಿಂಗಳಿಗೆರಡು ಏಕಾದಶಿಗೂ ಐದು ತಿಂಗಳ ಅರೆಹೊಟ್ಟೆಗೂ ಬಹಳ ಅಂತರವಿದೆ.

ಎಲ್ಲರೂ ಮರೆತ ಇನ್ನೊಂದು ವಿಷಯ: ಸಕ್ಕರೆಯ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್‌ನಂಥವು ಊಟವಿಲ್ಲದಿದ್ದರೂ ಇನ್ಸುಲಿನ್ ಸುರಿಸುತ್ತಲೇ ಇರುತ್ತವೆ. ಮಾತ್ರೆ ಅದೇ ಆಗಿದ್ದು ಊಟ ಮಾತ್ರ ಒಂದೇ ಹೊತ್ತಾದರೆ ರಾತ್ರಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಚೀಟಿಯೊಂದಿಗೆ ಈ ವಾರವೇ ವೈದ್ಯರ ಬಳಿ ಹೋಗಿ.

ಪ್ರಶ್ನೆ ಕೇಳಿದವನು: ಹೇಮಾವತಿ ತೀರದವನು

ಚೀಟಿ ತೆಗೆದು ನೋಡಿದೆ, ಮಾತ್ರೆ ಅದೇ. ನಾಳೆ ಬೆಳಿಗ್ಗೆ ವೈದ್ಯರನ್ನು ಕಾಣುತ್ತೇವೆ. ಕುರ್ಚಿಯ ಪರೀಕ್ಷೆಯನ್ನೂ ಮಾಡಿಸಿದೆ: 17 ಸೆಕೆಂಡು, ನಾಲ್ಕನೆಯ ಸಲಕ್ಕೇ ಕೈ ಮಂಡಿಯ ಮೇಲೆ ಬಂತು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊದಲು ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ’ ಎಂದರು. ಬೆಳಿಗ್ಗೆ ಹೆಸರುಕಾಳಿನ ಉಸಲಿ, ರಾತ್ರಿ ಏಳರೊಳಗೆ ಹುರುಳಿಕಾಳಿನ ಸಾರು, ಮೊಸರು ಎಂಬಲ್ಲಿಗೆ ಒಪ್ಪಿದ್ದಾರೆ. ಮೊಟ್ಟೆ ನಮ್ಮ ಮನೆಯೊಳಗೆ ಬರುವಂತಿಲ್ಲ. ಮೈಸೂರಿನವರಿಗೆ ಒಂದು ಪ್ರಶ್ನೆ: ಕುರ್ಚಿಯಿಂದ ಎದ್ದು ಕೂರುವುದನ್ನೇ ದಿನವೂ ವ್ಯಾಯಾಮವಾಗಿ ಮಾಡಿಸಬಹುದೇ, ಅಥವಾ ನಡುವೆ ದಿನ ಬಿಡಬೇಕೇ?