ಹೊಟ್ಟೆ ಆಪರೇಷನ್ ಆಗಿ 26 ದಿನ, ನಡುವೆ ಹೊಲಿಗೆ ಬಿಟ್ಟಿದೆ, ಗಾಯ ಒಣಗ್ತಿಲ್ಲ

ಕೋಲಾರದವಳು:
ಎಲ್ಲರಿಗೂ ನಮಸ್ಕಾರ. ನನಗೆ 39 ವರ್ಷ. ಎರಡು ಸಿಸೇರಿಯನ್ ಆದಮೇಲೆ ಹೊಟ್ಟೆ ಚರ್ಮ ಜೋತುಬಿದ್ದು, ಬೇಸಿಗೆ ಬಂದರೆ ಆ ಮಡಿಕೆಯೊಳಗೆ ಬೆವರಿ ಹುಣ್ಣಾಗ್ತಿತ್ತು. ಐದು ವರ್ಷ ಚೀಟಿ ಹಾಕಿ ದುಡ್ಡು ಕೂಡಿಸಿ ಬೆಂಗಳೂರಲ್ಲಿ ಟಮ್ಮಿ ಟಕ್, ಅಂದರೆ ಜೋತುಬಿದ್ದ ಚರ್ಮ ಕತ್ತರಿಸಿ ಎಳೆದು ಹೊಲಿಯೋ ಆಪರೇಷನ್, ಮಾಡಿಸಿಕೊಂಡೆ. ಊರಲ್ಲಿ ಹರ್ನಿಯಾ ಆಪರೇಷನ್ ಅಂತ ಹೇಳಿದ್ದೀನಿ.

16ನೇ ದಿನ ಸರಿಯಾಗಿ ನಡುಮಧ್ಯೆ ಹೊಲಿಗೆ ಬಿಟ್ಕೊಂಡಿತು. ಈಗ ಒಂದು ರೂಪಾಯಿ ನಾಣ್ಯದಷ್ಟು ಅಗಲ, ಕಿರುಬೆರಳಿನ ಉಗುರು ಮುಳುಗುವಷ್ಟು ಆಳ. ತಳದಲ್ಲಿ ಹಾಲಿನ ಕೆನೆ ಥರ ಹಳದಿ ಪೊರೆ ಅಂಟ್ಕೊಂಡಿದೆ. ಜ್ವರ ಇಲ್ಲ, ವಾಸನೆ ಇಲ್ಲ. ಡಾಕ್ಟರಿಗೆ ಫೋಟೋ ಕಳಿಸಿದರೆ "ಡ್ರೆಸ್ಸಿಂಗ್ ಮಾಡ್ತಾ ಇರಿ, ತುಂಬ್ಕೊಳ್ಳುತ್ತೆ" ಅಂತ ಒಂದೇ ಸಾಲು. ನಾನು ದಿನಕ್ಕೆರಡು ಸಲ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ತೊಳೀತಿದ್ದೀನಿ, ನೊರೆ ಬಂದರೆ ಕ್ಲೀನ್ ಆಯ್ತು ಅನ್ಸುತ್ತೆ. ಅಮ್ಮ ನಂಜಾಗುತ್ತೆ ಅಂತ ಮೊಟ್ಟೆ, ಬದನೆಕಾಯಿ, ಕಾಳು ಎಲ್ಲ ನಿಲ್ಲಿಸಿದ್ದಾರೆ. ಬೆಳಗ್ಗೆ ಗಂಜಿ, ಮಧ್ಯಾಹ್ನ ಅನ್ನ ಮೆಣಸಿನ ಸಾರು, ರಾತ್ರಿನೂ ಅದೇ. ಮಕ್ಕಳು ಮಲಗಿದ ಮೇಲೆ ಬಚ್ಚಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಗಾಯ ನೋಡ್ಕೊಂಡು ಅಳ್ತೀನಿ. ಇಲ್ಲದ ಆಸೆ ಪಟ್ಟು ನಾನೇ ತಂದುಕೊಂಡೆನಾ?

ಶಿರಾ ಹುಡುಗಿ:
ಅಕ್ಕ, ಅಳಬೇಡಿ. ನಮ್ಮತ್ತಿಗೆಗೂ ಸಿಸೇರಿಯನ್ ಹೊಲಿಗೆ ಹೀಗೇ ಬಿಟ್ಟಿತ್ತು, ಈಗ ಆರಾಮಾಗಿದ್ದಾರೆ. ಅರಿಶಿನ ಮಾತ್ರ ತುಂಬಬೇಡಿ, ಅವರು ತುಂಬಿ ಕೆಟ್ಟರು.

ಚಿಂತಾಮಣಿ:
ಹಳದಿ ಪೊರೆ ಅಂದಿದ್ದಕ್ಕೆ ಬರೀತಿದ್ದೀನಿ. ಎರಡು ವರ್ಷದ ಹಿಂದೆ ನಾನು ಬ್ರೆಸ್ಟ್ ರಿಡಕ್ಷನ್ (ಎದೆ ಗಾತ್ರ ಕಮ್ಮಿ ಮಾಡೋ ಆಪರೇಷನ್) ಮಾಡಿಸಿಕೊಂಡೆ, ಕತ್ತು ನೋವು ತಡೆಯಲಾರದೆ. ಎರಡು ಹೊಲಿಗೆ ಬಂದು ಸೇರುವ ಮೂಲೆಯಲ್ಲೇ ಬಾಯಿ ಬಿಡ್ತು. ಮುಚ್ಚಿಕೊಳ್ಳೋಕೆ ಪೂರ್ತಿ ಒಂಬತ್ತು ವಾರ ಹಿಡೀತು. ಆಗ ನಮ್ಮ ಡಾಕ್ಟರ್ ವಿವರಿಸಿದ್ದು ಇದು: ಚರ್ಮವನ್ನ ತಳದಿಂದ ಬಿಡಿಸಿ ಎಳೆದು ಹೊಲಿದಾಗ ತುದಿಗೆ ರಕ್ತ ಕಮ್ಮಿ ಹೋಗುತ್ತೆ, ಎಳೆತವೂ ಅಲ್ಲೇ ಜಾಸ್ತಿ. ಕಾಲುವೆಯ ಕೊನೇ ಗದ್ದೆಗೆ ನೀರು ತಲುಪದ ಹಾಗೆ. ನಿಮ್ಮ ಹೊಟ್ಟೆಯಲ್ಲಿ ಆ ಕೊನೇ ಗದ್ದೆ ಅಂದರೆ ನಡುಮಧ್ಯವೇ. ನೀವು ಆಸೆಪಟ್ಟಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಪೆರಾಕ್ಸೈಡ್ ಇವತ್ತೇ ನಿಲ್ಲಿಸಿ. ಆ ನೊರೆ ಹೊಸದಾಗಿ ಹುಟ್ಟೋ ಜೀವಕೋಶವನ್ನೂ ಸುಡುತ್ತೆ. ನಾವೆಲ್ಲ "ಗಾಯ ಒಣಗಲಿ" ಅಂತೀವಲ್ಲ, ಆ ಮಾತೇ ನನ್ನ ದಾರಿ ತಪ್ಪಿಸಿತ್ತು. ಫ್ಯಾನಿನ ಕೆಳಗೆ ತೆರೆದಿಟ್ಟು ಒಣಗಿಸ್ತಿದ್ದೆ. ಬಾಯಿ ಬಿಟ್ಟ ಗಾಯ ಹದವಾಗಿ ಒದ್ದೆಯಿದ್ದು ತಳದಿಂದ ತುಂಬಿಕೊಂಡು ಬರಬೇಕು.

ಊಟದ ವಿಷಯ ನನಗೆ ತುಂಬಾ ಸಂಕಟ ಮಾಡ್ತು. ಹೊಸ ಮಾಂಸ ಬೆಳೆಯೋದೇ ಪ್ರೋಟೀನಿಂದ, ನಿಮಗೆ ಅದನ್ನೇ ನಿಲ್ಲಿಸಿದ್ದಾರೆ. ಮೊಟ್ಟೆ, ಹೆಸರುಕಾಳು, ಹುರುಳಿ, ಮೊಸರು, ಜೊತೆಗೆ ಸೀಬೆ, ನೆಲ್ಲಿಕಾಯಿ ತಿನ್ನಿ. ನಮ್ಮಮ್ಮನೂ ನಂಜು ಅಂತ ಹಟ ಹಿಡಿದಿದ್ದರು. ನಾನು ಹೇಳಿದರೆ ಕೇಳಲಿಲ್ಲ, ಡಾಕ್ಟರ್ ಕೈಲೇ ಫೋನಲ್ಲಿ ಹೇಳಿಸಿದೆ. ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆನೂ ಮಾಡಿಸಿ. ನನಗೆ ಸಕ್ಕರೆ ಇದೆ ಅಂತ ಗೊತ್ತಾಗಿದ್ದೇ ಆ ಗಾಯದಿಂದ.

ಒಂದು ದಿನ ಡ್ರೆಸ್ಸಿಂಗಿನ ಗಾಜ್ ಬಟ್ಟೆ ಎತ್ತಿದಾಗ ಅಂಚಲ್ಲಿ ದಾಳಿಂಬೆ ಬೀಜದಂಥ ಕೆಂಪು ಕಾಳು ಕಾಣಿಸ್ತು, ಮುಟ್ಟಿದರೆ ಒಂದು ಹನಿ ರಕ್ತ. ಹೆದರಿ ಓಡಿದೆ. ಅದೇ ಹೊಸ ಮಾಂಸವಂತೆ.

ತುಮಕೂರು ಸಿಸ್ಟರ್:
ಸರ್ಜರಿ ವಾರ್ಡಲ್ಲಿ 14 ವರ್ಷ ಡ್ರೆಸ್ಸಿಂಗ್ ಮಾಡಿದ್ದೀನಿ. ಹಳದಿ ಪೊರೆಯೆಲ್ಲ ಕೀವಲ್ಲ, ಸತ್ತ ಅಂಗಾಂಶ. ಆದರೂ ಡಾಕ್ಟರ್ ಕೈಯಿಂದ ಮುಟ್ಟಿ ನೋಡಬೇಕು, ಫೋಟೋದಲ್ಲಿ ಆಳ ತಿಳಿಯಲ್ಲ. ನೀವಾಗಿ ಕೆರೆದು ತೆಗೀಬೇಡಿ. ದಾರದ ತುದಿ ಹೊರಗೆ ಬಂದರೂ ಎಳೀಬೇಡಿ. ಗಾಜ್ ಅಂಟಿಕೊಂಡಿದ್ದರೆ ಸಲೈನ್ ಹಾಕಿ ನೆನೆಸಿ ಬಿಡಿಸಿ. ಮನೇಲಿ ಬೀಡಿ, ಸಿಗರೇಟ್ ಸೇದೋರಿದ್ದರೆ ನಿಮ್ಮ ಹತ್ತಿರ ಬೇಡವೇ ಬೇಡ, ಆ ಹೊಗೆ ರಕ್ತನಾಳ ಬಿಗಿಸುತ್ತೆ.

ಬೆಂಗಳೂರು ದೂರ ಅಂದರೆ ಕೋಲಾರದಲ್ಲೇ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಆದರೆ ಅಲ್ಲಿ ದಯವಿಟ್ಟು ಹರ್ನಿಯಾ ಅನ್ನಬೇಡಿ ತಾಯಿ. ಒಳಗೆ ಮೆಶ್ (ಹರ್ನಿಯಾಗೆ ಹಾಕೋ ಬಲೆ) ಇದೆ, ಅದಕ್ಕೆ ಸೋಂಕು ತಗುಲಿದೆಯೇನೋ ಅಂತ ಅವರು ಬೇರೆ ದಾರೀಲೇ ಯೋಚನೆ ಮಾಡ್ತಾರೆ. ಊರಿಗೆ ಏನಾದರೂ ಹೇಳಿ, ಡಾಕ್ಟರಿಗೆ ನಿಜ ಹೇಳಿ. ಡಿಸ್ಚಾರ್ಜ್ ಚೀಟಿ ಒಯ್ಯಿರಿ. ಚಳಿಜ್ವರ ಬಂದರೆ, ಕೆಂಪು ಸುತ್ತಲೂ ಹರಡಿದರೆ, ನೀರು ದಿಢೀರ್ ಹೆಚ್ಚಾದರೆ, ವಾಸನೆ ಹೊಡೆದರೆ ಆ ರಾತ್ರಿಯೇ ಹೊರಡಿ.

ಕೋಲಾರದವಳು:
ಇವತ್ತು ಹೋಗಿ ಬಂದೆ. ನಿಜಾನೇ ಹೇಳಿದೆ, ಯಾರೂ ಒಂದು ಮಾತು ಆಡಲಿಲ್ಲ. ಹಳದಿದನ್ನ ಸ್ವಲ್ಪ ತೆಗೆದು ಸಲೈನ್ ಗಾಜ್ ಇಟ್ಟಿದ್ದಾರೆ. ಸಕ್ಕರೆ ಸರಿ ಇದೆ, ಹಿಮೋಗ್ಲೋಬಿನ್ 8.9, ಕಬ್ಬಿಣದ ಮಾತ್ರೆ ಕೊಟ್ಟರು. ಚಿಂತಾಮಣಿ ಅಕ್ಕ, ಕೊನೇ ಗದ್ದೆ ಮಾತನ್ನ ಅಮ್ಮನಿಗೆ ಹಾಗೇ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಈಗ ನೋಡಿದರೆ ಹೆಸರುಕಾಳು ನೆನೆಹಾಕಿದ್ದಾರೆ. ಮೊಟ್ಟೆಗೆ ಇನ್ನೂ ಒಪ್ಪಿಲ್ಲ.