ಚಿಕ್ಕಪ್ಪ ಹಾಕಿದ ಸಿನಿಮಾ ಲಿಂಕ್

ಚಿಕ್ಕಪ್ಪ: ಎಲ್ಲರೂ ನೋಡಿ. ಹೋದ ಶುಕ್ರವಾರ ಬಿಡುಗಡೆಯಾದ ಸಿನಿಮಾ, ಪೂರ್ತಿ ಇದೆ. ದುಡ್ಡು ಬೇಡ, ಲಾಗಿನ್ ಬೇಡ.

ದೊಡ್ಡಮ್ಮ: ನನಗೆ ಏನೋ 'ಅಲೋ' (Allow) ಒತ್ತಿ ಅಂತ ಬರ್ತಿದೆ. ಒತ್ತಲಾ?

ನಾನು: ಬೇಡ ದೊಡ್ಡಮ್ಮ, ಆ ಪುಟ ಮುಚ್ಚಿಬಿಡಿ. ಚಿಕ್ಕಪ್ಪ, ದಯವಿಟ್ಟು ಆ ಲಿಂಕ್ ಡಿಲೀಟ್ ಮಾಡಿ, ಎಲ್ಲರ ಫೋನಿಂದಲೂ ಹೋಗುವ ಹಾಗೆ.

ಚಿಕ್ಕಪ್ಪ: ಯಾಕಮ್ಮ? ನಿನ್ನೆ ರಾತ್ರಿ ಅರ್ಧ ಸಿನಿಮಾ ನೋಡಿದೆ, ಏನೂ ಆಗಿಲ್ಲ. ಬೀಗದ ಗುರುತೂ ಇದೆ. ನನ್ನ ವಾಕಿಂಗ್ ಗೆಳೆಯರೆಲ್ಲ ಇದರಲ್ಲೇ ನೋಡುವುದು.

ನಾನು: ಬೀಗ ಇದ್ದರೆ, ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಓಡಾಡುವುದನ್ನು ಮೂರನೆಯವರು ಓದಲಾಗುವುದಿಲ್ಲ ಅಂತ ಅರ್ಥ, ಅಷ್ಟೇ. ಆ ಕಡೆ ಕೂತವನು ಒಳ್ಳೆಯವನಾ ಕಳ್ಳನಾ ಅಂತ ಅದು ಹೇಳುವುದಿಲ್ಲ. ಬೀಗ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಜನ ಹೀಗೆ ತಪ್ಪು ತಿಳಿಯುತ್ತಾರೆ ಅಂತಲೇ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಆ ಗುರುತನ್ನು ತೆಗೆಯಿತು.

ಭಾವ: ಎಲ್ಲದಕ್ಕೂ ಹೆದರಿದರೆ ಹೇಗೆ? ಜಾಹೀರಾತು ಜಾಸ್ತಿ ಬರುತ್ತದೆ, ಮುಚ್ಚಿದರಾಯಿತು.

ನಾನು: ಭಾವ, ಸಿಮ್ ಇಲ್ಲದ ಹಳೇ ಫೋನಿನಲ್ಲಿ ಈಗಷ್ಟೇ ತೆರೆದು ನೋಡಿದೆ. ಪ್ಲೇ ಒತ್ತಿದರೆ ಸಿನಿಮಾ ಬರಲಿಲ್ಲ, ಇನ್ನೊಂದು ಪುಟ ತೆರೆದು 'ನಿಮ್ಮ ಫೋನಿನಲ್ಲಿ ವೈರಸ್ ಇದೆ' ಅಂತ ಕೆಂಪು ಅಕ್ಷರದಲ್ಲಿ ಬಂತು. ಮತ್ತೆ ಒತ್ತಿದರೆ ರಮ್ಮಿ ಆಟ. ಮೂರನೇ ಸಲ 'ಪ್ಲೇಯರ್ ಅಪ್‌ಡೇಟ್ ಮಾಡಿ' ಅಂತ ಒಂದು ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಇಲ್ಲದೆಯೂ ಆ್ಯಪ್ ಹಾಕುವ ಫೈಲ್, ತಾನೇ ಇಳಿಯಲು ಶುರುವಾಯಿತು. ನಮ್ಮ ಅತ್ತೆಗೆ ಹೋದ ವರ್ಷ ಆಗಿದ್ದು ಇದೇ. ಅಂಥ ಫೈಲ್ ಹಾಕಿಕೊಂಡರು, ಎಸ್ಎಂಎಸ್ ಓದಲು ಬಿಡಿ ಅಂತ ಕೇಳಿತು, ಬಿಟ್ಟರು. ಒಟಿಪಿಗಳೆಲ್ಲ ಕಳ್ಳರ ಕೈ ಸೇರಿ ಎರಡೇ ಸಲಕ್ಕೆ 38,000 ರೂಪಾಯಿ ಹೋಯಿತು. ನಾಚಿಕೆಯಿಂದ ಅತ್ತೆ ಮೂರು ದಿನ ಯಾರಿಗೂ ಹೇಳಲಿಲ್ಲ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ದುಡ್ಡನ್ನು ದಾರಿಯಲ್ಲೇ ತಡೆಯಬಹುದಿತ್ತೋ ಏನೋ. ಅವರು ಅಡುಗೆಮನೆಯಲ್ಲಿ ಕೂತು ಅತ್ತಿದ್ದು ನನಗೆ ಇನ್ನೂ ಮರೆತಿಲ್ಲ.

ತಮ್ಮ: ಅಕ್ಕ, ಅದು ಸರಿ. ಆದರೆ ಚಿಕ್ಕಪ್ಪನ ಕಷ್ಟವೂ ಇದೆ. ನಮ್ಮೂರ ಟಾಕೀಸ್ ಈಗ ಕಲ್ಯಾಣ ಮಂಟಪ. ಕನ್ನಡ ಸಿನಿಮಾಗಳನ್ನು ಓಟಿಟಿಯವರು ಕೊಳ್ಳುವುದೇ ಕಡಿಮೆ. ಜನ ಎಲ್ಲಿ ನೋಡಬೇಕು?

ಚಿಕ್ಕಪ್ಪ: ಹೂಂ ನೋಡು. ಎರಡು ಓಟಿಟಿಗೆ ದುಡ್ಡು ಕಟ್ಟುತ್ತೇನೆ, ಬೇಕಾದದ್ದು ಮೂರನೆಯದರಲ್ಲಿ ಇರುತ್ತದೆ.

ನಾನು: ಆ ಬೇಜಾರು ನನಗೂ ಇದೆ. ಆದರೆ ಓಟಿಟಿ ದುಡ್ಡು ಬರದ ಕನ್ನಡ ನಿರ್ಮಾಪಕನಿಗೆ ಇರುವುದು ಥಿಯೇಟರಿನ ಮೊದಲ ಎರಡು ವಾರ. ಅದನ್ನೂ ಇಂಥ ಸೈಟ್‌ಗಳು ತಿಂದರೆ ಅವನು ಮುಂದಿನ ಸಿನಿಮಾ ಹೇಗೆ ಮಾಡುತ್ತಾನೆ? ಹೋದ ಶುಕ್ರವಾರ ಬಂದದ್ದು ಈ ಗುರುವಾರ ಪುಕ್ಕಟೆ ಸಿಗುತ್ತಿದೆ ಅಂದರೆ ಯಾರೋ ಕದ್ದದ್ದೇ, ಬೇರೆ ಪರೀಕ್ಷೆಯೇ ಬೇಡ. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿಯ ನಂತರ ಥಿಯೇಟರಿನಲ್ಲಿ ಕದ್ದು ರೆಕಾರ್ಡ್ ಮಾಡಿದವರಿಗೆ 3 ತಿಂಗಳಿಂದ 3 ವರ್ಷ ಜೈಲು, ದಂಡ 3 ಲಕ್ಷದಿಂದ ಶುರು.

ಭಾವ: ಹಳೇ ಸಿನಿಮಾ ಇದ್ದರೆ ಗೊತ್ತಾಗುವುದು ಹೇಗೆ?

ನಾನು: ಪುಟದ ಕೆಳಗಡೆ ನೋಡಿ. ನಮ್ಮ ದೇಶದ ಓಟಿಟಿಗಳು 2021ರ ನಿಯಮದಂತೆ ದೂರು ಕೇಳುವ ಅಧಿಕಾರಿಯ ವಿವರ ಹಾಕಬೇಕು, ಪ್ರತಿ ಸಿನಿಮಾಕ್ಕೂ ಯು/ಎ 13+ ಥರದ ವಯಸ್ಸಿನ ಗುರುತು ಕೊಡಬೇಕು. ಈ ಸೈಟಿನಲ್ಲಿ ಕಂಪನಿ ಹೆಸರೂ ಇಲ್ಲ, ವಿಳಾಸವೂ ಇಲ್ಲ. ಇರುವುದು ಒಂದು ಟೆಲಿಗ್ರಾಂ ಚಾನೆಲ್, ಅಲ್ಲಿ 'ಸೈಟ್ ಬಂದ್ ಆದರೆ ಹೊಸ ವಿಳಾಸ ಇಲ್ಲಿ ಸಿಗುತ್ತದೆ' ಅಂತ ಅವರೇ ಬರೆದುಕೊಂಡಿದ್ದಾರೆ. ನೆಟ್ಟಗಿನ ವ್ಯಾಪಾರ ಮಾಡುವವನು ಅಂಗಡಿಯ ಬೋರ್ಡ್ ಹೀಗೆ ಬದಲಾಯಿಸುತ್ತಾ ಇರುತ್ತಾನಾ? ಹಳೇ ಕನ್ನಡ ಸಿನಿಮಾ ಬೇಕಾದರೆ ಎಷ್ಟೋ ಸಿನಿಮಾಗಳನ್ನು ಹಕ್ಕು ಇರುವವರೇ ಯೂಟ್ಯೂಬ್‌ಗೆ ಹಾಕಿದ್ದಾರೆ, ನಾನು ಪಟ್ಟಿ ಮಾಡಿ ಕಳಿಸುತ್ತೇನೆ.

ದೊಡ್ಡಮ್ಮ: ನಾನು ಆಗಲೇ ಅಲೋ ಒತ್ತಿಬಿಟ್ಟಿದ್ದೆ ಕಣೇ. ಲಾಟರಿ ಬಂದಿದೆ ಅಂತ ಬರ್ತಾನೇ ಇದೆ.

ನಾನು: ಗಾಬರಿ ಬೇಡ, ಅದು ಬರೀ ನೋಟಿಫಿಕೇಶನ್. ಯಾವುದನ್ನೂ ಮುಟ್ಟಬೇಡಿ. ಐದು ನಿಮಿಷದಲ್ಲಿ ವಿಡಿಯೋ ಕಾಲ್ ಮಾಡುತ್ತೇನೆ, ಕ್ರೋಮ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಸೈಟನ್ನು ತೆಗೆಯೋಣ. ಫೈಲ್ ಏನಾದರೂ ಇಳಿದಿದ್ದರೆ ತೆರೆಯಲೇಬೇಡಿ.

ಚಿಕ್ಕಪ್ಪ: ಇಲ್ಲಿ ಡಿಲೀಟ್ ಮಾಡಿದೆ. ವಾಕಿಂಗ್ ಗುಂಪಿಗೆ ಸೋಮವಾರವೇ ಹಾಕಿದ್ದೆ, ಅಲ್ಲಿ ಈಗ ಆಗುತ್ತಿಲ್ಲ. ನಿನ್ನ ಮೆಸೇಜನ್ನೇ ಅಲ್ಲಿಗೆ ಕಳಿಸಲಾ? ಅತ್ತೆ ವಿಷಯ ತೆಗೆದು ಕಳಿಸುತ್ತೇನೆ.

ನಾನು: ಕಳಿಸಿ ಚಿಕ್ಕಪ್ಪ. ಅತ್ತೆಯನ್ನು ಕೇಳಿದೆ, ಅದನ್ನೂ ಸೇರಿಸಿಯೇ ಕಳಿಸಿ ಅಂದರು.