ಸಾಸ್2008 ಕಾರ್ಡ್‌ಗೆ ಎಂಟು ಡಿಸ್ಕ್: ಎರಡು ಕಾಣುತ್ತಿಲ್ಲ, ನಾಲ್ಕು ಸ್ಕ್ರಬ್ ನಡುವೆ ಕೈಕೊಡುತ್ತಿವೆ

ಪ್ರಶ್ನೆ: ಎಂಟುಡಿಸ್ಕ್

ಮನೆಯಲ್ಲೇ ಜೋಡಿಸಿದ ನಾಸ್ (ನೆಟ್‌ವರ್ಕ್‌ನಲ್ಲಿ ಫೈಲ್ ಇಡುವ ಮೆಷಿನ್). ಸಾಮಾನ್ಯ ಡೆಸ್ಕ್‌ಟಾಪ್ ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 550 ವ್ಯಾಟ್ ಪವರ್ ಸಪ್ಲೈ, ನಾಸ್ ತಂತ್ರಾಂಶ ಟ್ರೂನಾಸ್ ಸ್ಕೇಲ್. ಬೋರ್ಡ್‌ನ ಆರು ಸಾಟಾ ಪೋರ್ಟ್ ಸಾಲದೆ, ಸರ್ವರ್‌ನಿಂದ ಕಳಚಿದ ಸಾಸ್2008 ಚಿಪ್‌ನ 8 ಪೋರ್ಟ್ ಡಿಸ್ಕ್ ಕಂಟ್ರೋಲರ್ ಕಾರ್ಡ್ ಹಾಕಿದೆ. ಎರಡು ಎಸ್‌ಎಫ್‌ಎಫ್-8087 ಬ್ರೇಕ್‌ಔಟ್ ಕೇಬಲ್: ಮೊದಲನೆಯದರಲ್ಲಿ ಡಿಸ್ಕ್ 1ರಿಂದ 4, ಎರಡನೆಯದರಲ್ಲಿ 5ರಿಂದ 8. ಡಿಸ್ಕ್ 1ರಿಂದ 6 ಹಳೆಯ 4 ಟಿಬಿ, ರೇಡ್‌ಜೆಡ್2 ಪೂಲ್ (ಎರಡು ಡಿಸ್ಕ್ ಹೋದರೂ ಡೇಟಾ ಉಳಿಯುವ, ಜೆಡ್‌ಎಫ್‌ಎಸ್ ಫೈಲ್ ಸಿಸ್ಟಮ್‌ನ ಡಿಸ್ಕ್ ಗುಂಪು). ಬೋರ್ಡ್‌ನ ಪೋರ್ಟ್‌ಗಳಲ್ಲಿದ್ದಾಗ ಒಂದೂ ದೋಷ ಇರಲಿಲ್ಲ. 7 ಮತ್ತು 8 ಹೊಸ 8 ಟಿಬಿ, ಹೊರಗಿನ ಯುಎಸ್‌ಬಿ ಪೆಟ್ಟಿಗೆಯಿಂದ ಬಿಚ್ಚಿ ತೆಗೆದವು.

ತೊಂದರೆ ಮೂರು. ಕಾರ್ಡನ್ನು ಮೇಲಿನ ಎಕ್ಸ್16 ಸ್ಲಾಟ್‌ಗೆ ಹಾಕಿದರೆ 16 ಜಿಬಿ ಬದಲು 8 ಜಿಬಿ ತೋರಿಸುತ್ತದೆ, ಕೆಲವೊಮ್ಮೆ ಪರದೆಯೇ ಬರುವುದಿಲ್ಲ. ಕೆಳಗಿನ ಉದ್ದ ಸ್ಲಾಟ್‌ನಲ್ಲಿ ಸರಿಯಾಗಿ ಏಳುತ್ತದೆ. 7 ಮತ್ತು 8 ಎಲ್ಲೂ ಕಾಣುವುದಿಲ್ಲ, ತಿರುಗುವ ಸದ್ದೂ ಇಲ್ಲ. ಸ್ಕ್ರಬ್ (ಪೂಲ್‌ನ ಎಲ್ಲ ಡೇಟಾ ಓದಿ ಮಾಡುವ ತಪಾಸಣೆ) ಶುರುವಾಗಿ ಅರ್ಧ ಗಂಟೆಗೆ ಡಿಸ್ಕ್ 3, 4, 5, 6ರಲ್ಲಿ ಚೆಕ್‌ಸಮ್ ದೋಷ ಬರುತ್ತದೆ, ಕರ್ನಲ್ ಲಾಗ್‌ನಲ್ಲಿ "ಪವರ್-ಆನ್ ಆರ್ ಡಿವೈಸ್ ರೀಸೆಟ್ ಅಕರ್ಡ್" ಎಂಬ ಸಾಲು ಮತ್ತೆಮತ್ತೆ.

ಫರ್ಮ್‌ವೇರ್ 20.00.04.00, ಐಆರ್ ಮೋಡ್ (ಕಾರ್ಡೇ ರೇಡ್ ಮಾಡಬಲ್ಲ ಬಗೆ). ಪವರ್ ಸಪ್ಲೈಯ ಮೊದಲ ಸಾಟಾ ಕೇಬಲ್‌ನಲ್ಲಿ ಮೂರು ಕನೆಕ್ಟರ್: ಎರಡಕ್ಕೆ ಡಿಸ್ಕ್ 1 ಮತ್ತು 2, ಮೂರನೆಯದಕ್ಕೆ ಒಂದರಿಂದ ನಾಲ್ಕಾಗುವ ಸ್ಪ್ಲಿಟರ್ ಹಾಕಿ 3, 4, 5, 6. ಎರಡನೆಯ ಸಾಟಾ ಕೇಬಲ್‌ನಲ್ಲಿ 7 ಮತ್ತು 8. ಮೂರು ಕನೆಕ್ಟರ್‌ನ ಮೋಲೆಕ್ಸ್ (ಹಳೆಯ ನಾಲ್ಕು ಪಿನ್ ಪವರ್) ಕೇಬಲ್ ಒಂದು ಖಾಲಿ ಇದೆ. ಕಾರ್ಡ್ ಈ ಬೋರ್ಡ್‌ಗೆ ಹೊಂದುವುದಿಲ್ಲ ಎಂದು ಬದಲಿಸಬೇಕೇ?

ಉತ್ತರ: ಐಟಿಮೋಡ್

ಬದಲಿಸಬೇಡಿ. ನೀವು ಬರೆದ ಮೂರಕ್ಕೂ ಕಾರಣ ಬೇರೆಬೇರೆ, ಒಂದೇ ರೋಗ ಎಂದು ನೋಡಿದರೆ ದಾರಿ ತಪ್ಪುತ್ತೀರಿ.

ಮೊದಲು ಮೇಲಿನ ಸ್ಲಾಟ್. ಸರ್ವರ್‌ಗಾಗಿ ಮಾಡಿದ ಹಲವು ಸಾಸ್ ಕಾರ್ಡ್‌ಗಳು ಪಿಸಿಐಇ ಸ್ಲಾಟ್‌ನ ಎಸ್‌ಎಂಬಸ್ ಎಂಬ, ಬೋರ್ಡ್‌ನ ಭಾಗಗಳು ಸಣ್ಣ ವಿವರ ಹಂಚಿಕೊಳ್ಳುವ ತಂತಿಗಳನ್ನು ಬಳಸುತ್ತವೆ. ರ‍್ಯಾಮ್ ಕಡ್ಡಿಯ ವಿವರವನ್ನು ಬೋರ್ಡ್ ಓದುವುದೂ ಎಸ್‌ಎಂಬಸ್ ಮೂಲಕವೇ. ಎರಡೂ ಒಂದೇ ತಂತಿಯಲ್ಲಿ ಮಾತಾಡಲು ಹೋದರೆ ಬೋರ್ಡ್‌ಗೆ ಒಂದು ಕಡ್ಡಿ ಕಾಣದೆ ಹೋಗಬಹುದು, ಇಲ್ಲವೇ ಬೂಟ್ ಅಲ್ಲೇ ನಿಲ್ಲಬಹುದು. ಪರಿಹಾರ ಎರಡು ಪಿನ್ ಮುಚ್ಚುವುದು: ಬಿ5 ಮತ್ತು ಬಿ6. ಚಿಪ್ ಕೂತಿರುವ ಮುಖವೇ ಬಿ ಮುಖ. ಲೋಹದ ಪಟ್ಟಿಯ ತುದಿಯಿಂದ ಎಣಿಸಿದರೆ ಐದನೆಯದು ಮತ್ತು ಆರನೆಯದು, ಕಚ್ಚಿಗಿಂತ ಮುಂಚಿನ ಗಿಡ್ಡ ಭಾಗದಲ್ಲೇ ಸಿಗುತ್ತವೆ. ಕ್ಯಾಪ್ಟನ್ ಟೇಪ್ (ಬಿಸಿ ತಡೆಯುವ ತೆಳು ಟೇಪ್) ಅಷ್ಟೇ ಅಗಲಕ್ಕೆ ಕತ್ತರಿಸಿ ಅಂಟಿಸಿ. ಪಕ್ಕದ ಪಿನ್‌ಗೆ ತಾಗಬಾರದು, ಬಿ4 ಗ್ರೌಂಡ್. ಸಾಮಾನ್ಯ ಕಪ್ಪು ಇನ್ಸುಲೇಶನ್ ಟೇಪ್ ಬೇಡ, ದಪ್ಪ ಜಾಸ್ತಿ, ಬಿಸಿಗೆ ಅಂಟು ಕರಗಿ ಸ್ಲಾಟ್ ಒಳಗೆ ಉಳಿಯುತ್ತದೆ.

ಆದರೆ ಕೆಳಗಿನ ಸ್ಲಾಟ್‌ನಲ್ಲಿ ಕೆಲಸ ಆಗುತ್ತಿದ್ದರೆ ಟೇಪ್ ಹಚ್ಚುವ ಅಗತ್ಯವೇ ಬರಲಿಕ್ಕಿಲ್ಲ. ಎಲ್‌ಎಸ್‌ಪಿಸಿಐ ಆಜ್ಞೆಗೆ ಎರಡು ವಿ ಆಯ್ಕೆ ಕೊಟ್ಟು ಲಿಂಕ್ ಸ್ಟೇಟಸ್ ಸಾಲಿನ ವಿಡ್ತ್ ನೋಡಿ. ಸಾಸ್2008 ಪಿಸಿಐಇ 2.0 ಚಿಪ್, ಲೇನ್‌ಗೆ (ಸ್ಲಾಟ್‌ನ ಒಂದು ಡೇಟಾ ದಾರಿಗೆ) ಸೆಕೆಂಡಿಗೆ 500 ಎಂಬಿ. ಎಕ್ಸ್4 ಸಿಕ್ಕರೆ ಸೆಕೆಂಡಿಗೆ 2 ಜಿಬಿ, ತಲಾ 200 ಎಂಬಿ ಓದುವ ಎಂಟು ಡಿಸ್ಕ್‌ಗೆ ಅಷ್ಟು ಸಾಕು. ಎಕ್ಸ್1 ಎಂದು ತೋರಿಸಿದರೆ ಮಾತ್ರ ಮೇಲಿನ ಸ್ಲಾಟ್‌ಗೆ ಹೋಗಿ, ಏಕೆಂದರೆ ಎಲ್ಲ ಡಿಸ್ಕ್ ಸೇರಿ ಆ 500ರೊಳಗೇ ಹಂಚಿಕೊಳ್ಳಬೇಕಾಗುತ್ತದೆ, ಸ್ಕ್ರಬ್ ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಸ್ಲಾಟ್ ಉದ್ದ ನೋಡಿ ತೀರ್ಮಾನಿಸಬೇಡಿ, ಎಕ್ಸ್16 ಉದ್ದದ ಸ್ಲಾಟ್‌ಗೆ ನಾಲ್ಕೇ ಲೇನ್ ಎಳೆದಿರುವ ಬೋರ್ಡ್‌ಗಳೇ ಹೆಚ್ಚು. ಕೆಲವು ಬೋರ್ಡ್‌ಗಳಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿದರೆ ಆ ಸ್ಲಾಟ್ ಅಥವಾ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತದೆ. ಮ್ಯಾನ್ಯುಯಲ್‌ನ ಕೋಷ್ಟಕ ಒಮ್ಮೆ ಓದಿ.

ಫರ್ಮ್‌ವೇರ್ ವಿಷಯ. ಐಆರ್ ಮೋಡ್ ವಿಷವಲ್ಲ, ಅದರಲ್ಲೂ ಅರೇಗೆ ಸೇರಿಸದ ಡಿಸ್ಕ್‌ಗಳು ನೇರವಾಗಿ ಕಾಣುತ್ತವೆ. ಜೆಡ್‌ಎಫ್‌ಎಸ್‌ಗೆ ನಿಜಕ್ಕೂ ಕೆಟ್ಟದ್ದು ಮೆಗಾರೇಡ್ ಮಾದರಿಯ ಫರ್ಮ್‌ವೇರ್‌ನಲ್ಲಿ ಪ್ರತಿ ಡಿಸ್ಕ್‌ಗೂ ಒಂದೊಂದು ರೇಡ್ 0 ಮಾಡಿ ಒಪ್ಪಿಸುವುದು. ಕಾರ್ಡ್ ಸತ್ತ ದಿನ ಡಿಸ್ಕ್‌ಗಳನ್ನು ಬೇರೆ ಕಂಟ್ರೋಲರ್‌ಗೆ ಹಾಕಿದರೆ ಗುರುತು ಹಿಡಿಯುತ್ತದೆಂಬ ಭರವಸೆ ಇರುವುದಿಲ್ಲ, ಸ್ಮಾರ್ಟ್ ಮಾಹಿತಿಯೂ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ) ಸುಲಭಕ್ಕೆ ಸಿಗುವುದಿಲ್ಲ. ಆದರೂ ನಿಮ್ಮದನ್ನು ಐಟಿ ಮೋಡ್‌ಗೆ (ರೇಡ್ ಇಲ್ಲದೆ ಡಿಸ್ಕ್‌ಗಳನ್ನು ಹಾಗೇ ಒಪ್ಪಿಸುವ ಬಗೆ) ತನ್ನಿ, ಕಾರಣ ಆವೃತ್ತಿ. ಪಿ20 (20.00 ಎಂದು ಶುರುವಾಗುವ) ಸರಣಿಯ ಮೊದಲ ಬಿಡುಗಡೆಗಳಲ್ಲಿ ದೋಷಗಳಿದ್ದವು, 20.00.07.00 ಹಾಕಿದ ಮೇಲೆ ಆ ಚಿಂತೆ ಇಲ್ಲ.

ಮಾಡುವ ಕ್ರಮ: ಎಲ್ಲ ಡಿಸ್ಕ್ ಕಳಚಿ. ಕಾರ್ಡ್ ಹಿಂಬದಿಯ ಚೀಟಿಯಲ್ಲಿರುವ ಸಾಸ್ ವಿಳಾಸ ಕಾಗದದಲ್ಲಿ ಬರೆದಿಡಿ. ಡಾಸ್‌ನಿಂದ ಪ್ರಯತ್ನಿಸಿದರೆ ಹೊಸ ಬೋರ್ಡ್‌ಗಳಲ್ಲಿ "ಫೇಲ್ಡ್ ಟು ಇನಿಶಿಯಲೈಸ್ ಪಾಲ್" ಎಂದು ನಿಲ್ಲುತ್ತದೆ, ಆದ್ದರಿಂದ ಯುಎಸ್‌ಬಿ ಕಡ್ಡಿಯಲ್ಲಿ ಯುಇಎಫ್‌ಐ ಶೆಲ್ ಹಾಕಿ ಅಲ್ಲಿಂದ ಫರ್ಮ್‌ವೇರ್ ಬರೆಯುವ ಸಾಸ್2ಫ್ಲ್ಯಾಶ್ ಓಡಿಸಿ. ಶೆಲ್‌ನ 2ನೇ ಆವೃತ್ತಿಯಲ್ಲಿ "ಅಪ್ಲಿಕೇಶನ್ ನಾಟ್ ಸ್ಟಾರ್ಟೆಡ್ ಫ್ರಮ್ ಶೆಲ್" ಎಂದರೆ 1ನೇ ಆವೃತ್ತಿ ಬೇಕು. ಐಆರ್‌ನಿಂದ ಐಟಿಗೆ ನೇರ ಹತ್ತುವುದಿಲ್ಲ, ಮೊದಲು ಫ್ಲ್ಯಾಶ್ ಅಳಿಸಬೇಕು. ಅಳಿಸಲು 6ನೇ ಆಯ್ಕೆ ಬಳಸಿ, 7 ಬೇಡ, ಅದು ತಯಾರಿಕೆಯ ವಿವರವನ್ನೂ ಒರೆಸುತ್ತದೆ. ಅಳಿಸಿದ ಕ್ಷಣದಿಂದ ಹೊಸ ಫರ್ಮ್‌ವೇರ್ ಬರೆದು ಮುಗಿಯುವವರೆಗೆ ರೀಬೂಟ್ ಮಾಡಬೇಡಿ, ಏನೇ ದೋಷ ಸಂದೇಶ ಬಂದರೂ ಮೆಷಿನ್ ಆರಿಸಬೇಡಿ, ಶೆಲ್‌ನಲ್ಲೇ ಮತ್ತೆ ಪ್ರಯತ್ನಿಸಿ. ಕೊನೆಗೆ ಸಾಸ್ ವಿಳಾಸ ಬರೆಯಿರಿ. ಬೂಟ್ ರಾಮ್ ಫೈಲ್ ಹಾಕುವುದು ಬೇಡ. ಕಾರ್ಡ್‌ನಿಂದ ಬೂಟ್ ಮಾಡದಿದ್ದರೆ ಅದು ಏಳುವುದನ್ನು ತಡ ಮಾಡುತ್ತದೆ ಅಷ್ಟೇ.

ಉತ್ತರ: ಹನ್ನೆರಡುವೋಲ್ಟ್

ಮೇಲಿನ ಸಲಹೆ ಸರಿ, ಆದರೆ ಕ್ರಮ ಒಪ್ಪಲಾರೆ. ಫರ್ಮ್‌ವೇರ್‌ಗೆ ಕೈ ಹಾಕುವ ಮುಂಚೆ ಪವರ್ ನೋಡಿ. ದೋಷ ಬಂದದ್ದು 3, 4, 5, 6. ಡೇಟಾ ಕೇಬಲ್ ಕೆಟ್ಟಿದ್ದರೆ 1ರಿಂದ 4 ಒಂದು ಗುಂಪಾಗಿ ಅಥವಾ 5ರಿಂದ ಮುಂದಿನವು ಒಂದು ಗುಂಪಾಗಿ ಬೀಳಬೇಕಿತ್ತು. ಕಾರ್ಡೇ ಕೆಟ್ಟಿದ್ದರೆ ಆರೂ ಬೀಳಬೇಕಿತ್ತು. ಎರಡು ಡೇಟಾ ಕೇಬಲ್‌ಗೂ ಹಂಚಿಹೋದ ಈ ನಾಲ್ಕಕ್ಕೆ ಇರುವ ಒಂದೇ ನಂಟು ಆ ಸ್ಪ್ಲಿಟರ್.

ಲೆಕ್ಕ ಹಾಕಿ. ಸಾಟಾ ಪವರ್ ಪ್ಲಗ್‌ನಲ್ಲಿ 12 ವೋಲ್ಟ್‌ಗೆ ಮೂರು ಪಿನ್, ಪಿನ್‌ಗೆ 1.5 ಆಂಪಿಯರ್, ಒಟ್ಟು 4.5. 3.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವಾಗ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕಕ್ಕೆ 8. ಒಂದು ಪ್ಲಗ್‌ಗೆ ಹೇಳಿದ್ದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಪ್ರತಿ ಬೂಟ್‌ನಲ್ಲೂ ಹರಿಯುತ್ತಿದೆ. ಹೀಗೆ ಬಿಸಿಯಾಗಿ ತಣ್ಣಗಾಗಿ ಪಿನ್‌ನ ಹಿಡಿತ ಸಡಿಲವಾಗುತ್ತದೆ, ರೋಧ ಏರುತ್ತದೆ. ಆಮೇಲೆ ಸ್ಕ್ರಬ್‌ನಲ್ಲಿ ನಾಲ್ಕೂ ಹೆಡ್ ಒಟ್ಟಿಗೆ ಓಡಾಡುವಾಗ ವೋಲ್ಟೇಜ್ ಕುಸಿದು ಡಿಸ್ಕ್ ರೀಸೆಟ್ ಆಗುತ್ತದೆ. ಪವರ್ ಸಪ್ಲೈ 550 ವ್ಯಾಟ್ ಇದ್ದೂ ಪ್ರಯೋಜನವಿಲ್ಲ. ಎಂಟು ಡಿಸ್ಕ್‌ನ ಆರಂಭದ ಬೇಡಿಕೆ 16 ಆಂಪಿಯರ್, ಅಂದರೆ 192 ವ್ಯಾಟ್, ಅದನ್ನು ಅದು ಸಲೀಸಾಗಿ ಕೊಡುತ್ತದೆ. ಇಕ್ಕಟ್ಟು ಆ ಒಂದು ಪ್ಲಗ್‌ನಲ್ಲಿ.

ನನ್ನ ಮಾತು ನಂಬಬೇಡಿ, ಅಳೆದು ನೋಡಿ. ಸ್ಕ್ರಬ್‌ಗೆ ಮುಂಚೆ ಮತ್ತು ದೋಷ ಬಂದ ನಂತರ, ನಡುವೆ ರೀಬೂಟ್ ಮಾಡದೆ, ಸ್ಮಾರ್ಟ್‌ಸಿಟಿಎಲ್‌ನಿಂದ ಪ್ರತಿ ಡಿಸ್ಕ್‌ನ ಮೂರು ಸ್ಮಾರ್ಟ್ ಅಂಕಿ ಬರೆದುಕೊಳ್ಳಿ: 12 ಪವರ್ ಸೈಕಲ್ ಕೌಂಟ್, 192 ಪವರ್-ಆಫ್ ರಿಟ್ರ್ಯಾಕ್ಟ್ (ಕರೆಂಟ್ ಹೋಗಿ ಹೆಡ್ ಹಿಂದೆ ಸರಿದ ಸಲಗಳು), 199 ಯುಡಿಎಂಎ ಸಿಆರ್‌ಸಿ. ಮೆಷಿನ್ ಆರಿಸದೆ 12 ಏರಿದರೆ ಆ ಡಿಸ್ಕ್‌ಗೆ ಕರೆಂಟ್ ಹೋಗಿ ಬಂದಿದೆ, ಬೇರೆ ಅರ್ಥವಿಲ್ಲ. 199 ಏರಿದರೆ ಡೇಟಾ ಕೇಬಲ್ ಅಥವಾ ಬ್ಯಾಕ್‌ಪ್ಲೇನ್. 199 ಯಾವತ್ತೂ ಇಳಿಯುವುದಿಲ್ಲ, ಹಾಗಾಗಿ ಎಷ್ಟಿದೆ ಎಂಬುದಕ್ಕಿಂತ ಏರುತ್ತಿದೆಯೇ ಎಂಬುದೇ ಮುಖ್ಯ.

ಕಾಣದ ಎರಡು ಡಿಸ್ಕ್: ಹೊರಪೆಟ್ಟಿಗೆಯಿಂದ ತೆಗೆದವು ಎಂದಿರಿ, ತಿರುಗುವುದೂ ಇಲ್ಲ ಎಂದಿರಿ. ಸಾಟಾ 3.3 ನಿಯಮದಲ್ಲಿ ಪವರ್ ಪ್ಲಗ್‌ನ 3ನೇ ಪಿನ್‌ಗೆ ಪವರ್ ಡಿಸೇಬಲ್ ಎಂಬ ಹೊಸ ಕೆಲಸ ಕೊಟ್ಟರು. ಹಳೆಯ ಸಪ್ಲೈಗಳು ಅದೇ ಪಿನ್‌ಗೆ 3.3 ವೋಲ್ಟ್ ಕೊಡುತ್ತವೆ, ಡಿಸ್ಕ್ ಅದನ್ನು "ಆರಿಯೇ ಇರು" ಎಂಬ ಆಜ್ಞೆಯಾಗಿ ಓದುತ್ತದೆ. ಮೋಲೆಕ್ಸ್‌ನಲ್ಲಿ 3.3 ವೋಲ್ಟ್ ಇಲ್ಲವೇ ಇಲ್ಲ. ಹಾಗಾಗಿ ನಿಮ್ಮ ಖಾಲಿ ಮೋಲೆಕ್ಸ್ ಕೇಬಲ್ ಎರಡೂ ಗಂಟು ಬಿಚ್ಚುತ್ತದೆ: 7 ಮತ್ತು 8ನ್ನು ಮೋಲೆಕ್ಸ್-ಸಾಟಾ ಅಡಾಪ್ಟರ್ ಮೂಲಕ ಅಲ್ಲಿಗೆ ಸಾಗಿಸಿ, ಮೊದಲ ಸಾಟಾ ಕೇಬಲ್‌ಗೆ 1, 2, 3, ಎರಡನೆಯದಕ್ಕೆ 4, 5, 6. ಸ್ಪ್ಲಿಟರ್ ಕಸದ ಬುಟ್ಟಿಗೆ. ಅಡಾಪ್ಟರ್ ತಂತಿಗಳನ್ನು ಒಳಗೆ ಕ್ರಿಂಪ್ ಮಾಡಿದ್ದು ಆಗಿರಲಿ. ಪ್ಲಾಸ್ಟಿಕ್ ಎರಕ ಹೊಯ್ದ ಬಗೆಯಲ್ಲಿ ಒಳಗಿನ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟು ಕರಗುವುದುಂಟು. ಹೆಚ್ಚುವರಿ ಕೇಬಲ್ ಬೇಕೆಂದು ಬೇರೆ ಮಾದರಿಯ ಸಪ್ಲೈಯ ಮಾಡ್ಯುಲರ್ ಕೇಬಲ್ ಮಾತ್ರ ಹಾಕಬೇಡಿ. ಪ್ಲಗ್ ಕೂತರೂ ಸಪ್ಲೈ ಬದಿಯ ಪಿನ್ ಕ್ರಮ ಬೇರೆ ಇರಬಹುದು, 5 ವೋಲ್ಟ್ ಜಾಗಕ್ಕೆ 12 ಹೋದರೆ ಎಲ್ಲ ಡಿಸ್ಕ್ ಒಂದೇ ಕ್ಷಣದಲ್ಲಿ ಹೋಗುತ್ತವೆ.

ಉತ್ತರ: ಬೂದುಪೆಟ್ಟಿಗೆ

ಕಾರ್ಡ್ ಬಿಸಿ ಯಾರೂ ಹೇಳಲಿಲ್ಲ. ಈ ಕಾರ್ಡ್‌ಗಳ ಹೀಟ್‌ಸಿಂಕ್ ಸರ್ವರ್‌ನ ಜೋರು ಗಾಳಿಯನ್ನು ನಂಬಿ ಮಾಡಿದ್ದು. ಡೆಸ್ಕ್‌ಟಾಪ್ ಪೆಟ್ಟಿಗೆಯ ಕೆಳಮೂಲೆಯಲ್ಲಿ ಗಾಳಿ ಆಡುವುದೇ ಇಲ್ಲ. 40 ಎಂಎಂ ಫ್ಯಾನ್ ಒಂದನ್ನು ಹೀಟ್‌ಸಿಂಕ್ ಮೇಲೆ ಕಟ್ಟಿ, ಹಳೆಯ ಕಾರ್ಡ್ ಆದ್ದರಿಂದ ಒಣಗಿದ ಥರ್ಮಲ್ ಪೇಸ್ಟ್ ಕೆರೆದು ಹೊಸದು ಹಚ್ಚಿ. ಬಿಸಿಯಿಂದ ಬರುವ ದೋಷವೂ ಸ್ಕ್ರಬ್ ಶುರುವಾದ ಸ್ವಲ್ಪ ಹೊತ್ತಿಗೇ ಕಾಣಿಸುತ್ತದೆ, ಆದರೆ ಅದು ಎಲ್ಲ ಡಿಸ್ಕ್‌ಗೂ ಚೆಲ್ಲಾಪಿಲ್ಲಿಯಾಗಿ ಬರುತ್ತದೆ.

ಕಾರ್ಡ್ ಬದಲಿಸುವ ಯೋಚನೆ ಮುಂದೆ ಬಂದರೂ ಅಗ್ಗದ ಹತ್ತು-ಹದಿನಾರು ಪೋರ್ಟ್‌ನ ಸಾಟಾ ಕಾರ್ಡ್‌ಗಳಿಂದ ದೂರ ಇರಿ. ಜೆಎಂಬಿ585 ಚಿಪ್‌ಗೆ ಇರುವುದು 5 ಪೋರ್ಟ್, ಎಎಸ್‌ಎಂ1166ಕ್ಕೆ 6. ಅದಕ್ಕಿಂತ ಹೆಚ್ಚು ಪೋರ್ಟ್ ಕಂಡರೆ ಸಾಮಾನ್ಯವಾಗಿ ಒಳಗೆ ಪೋರ್ಟ್ ಮಲ್ಟಿಪ್ಲೈಯರ್ (ಒಂದೇ ಪೋರ್ಟನ್ನು ಹಲವಾಗಿ ಒಡೆಯುವ ಚಿಪ್) ಕೂತಿರುತ್ತದೆ, ಒಂದು ಡಿಸ್ಕ್ ತಡವರಿಸಿದರೆ ಅದರ ಹಿಂದಿರುವ ಎಲ್ಲವೂ ರೀಸೆಟ್ ಆಗುತ್ತವೆ. ಹಳೆಯ ಮಾರ್ವೆಲ್ 88ಎಸ್‌ಇ92 ಸರಣಿ ಐಒಎಂಎಂಯು (ಸಾಧನಗಳು ಮೆಮೊರಿ ಮುಟ್ಟುವುದನ್ನು ನಿಯಂತ್ರಿಸುವ ವ್ಯವಸ್ಥೆ) ಆನ್ ಇದ್ದಾಗ ತೊಂದರೆ ಕೊಡುವುದಕ್ಕೆ ಹೆಸರಾದದ್ದು. ಸಾಸ್1068ಇ ಚಿಪ್‌ನ ಕಾರ್ಡ್ ಯಾರಾದರೂ ಬಿಟ್ಟಿ ಕೊಟ್ಟರೂ ಬೇಡ, 2 ಟಿಬಿಗಿಂತ ದೊಡ್ಡ ಡಿಸ್ಕ್ ಅದಕ್ಕೆ ಪೂರ್ತಿ ಕಾಣುವುದಿಲ್ಲ.

ಎಂಟುಡಿಸ್ಕ್:

ಮೊದಲು ಅಳತೆ ಮಾಡಿದೆ. ಒಂದು ಸ್ಕ್ರಬ್, ನಡುವೆ ರೀಬೂಟ್ ಇಲ್ಲ. ಡಿಸ್ಕ್ 1, 2ರ ಪವರ್ ಸೈಕಲ್ ಅಂಕಿ ಹಾಗೇ ಇದೆ. 3, 4, 6ರಲ್ಲಿ ತಲಾ 2 ಏರಿದೆ, 5ರಲ್ಲಿ 3. 192 ಕೂಡ ಅದೇ ನಾಲ್ಕರಲ್ಲಿ ಏರಿದೆ. 199 ಎಲ್ಲದರಲ್ಲೂ ಸೊನ್ನೆ, ಡಿಸ್ಕ್ 2ರಲ್ಲಿ ಮಾತ್ರ 14, ಅದು ಬದಲಾಗಿಲ್ಲ. ಸ್ಪ್ಲಿಟರ್ ತೆಗೆದಾಗ ಪ್ಲಗ್‌ನ 12 ವೋಲ್ಟ್ ಕಡೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು.

ಹೇಳಿದಂತೆ ಪವರ್ ಹಂಚಿದ ಮೇಲೆ 7 ಮತ್ತು 8 ತಿರುಗಿದವು, ಎರಡೂ ಕಾಣುತ್ತಿವೆ. ಲಿಂಕ್ ವಿಡ್ತ್ ಎಕ್ಸ್4. ಕಾರ್ಡ್ ಕೆಳಗಿನ ಸ್ಲಾಟ್‌ನಲ್ಲೇ ಇದೆ, ಟೇಪ್ ಹಚ್ಚಿಲ್ಲ. ಫರ್ಮ್‌ವೇರ್ ಇನ್ನೂ ಮುಟ್ಟಿಲ್ಲ. ಈಗಿರುವ ಚೆಕ್‌ಸಮ್ ದೋಷಗಳನ್ನು ಏನು ಮಾಡಲಿ? ಕ್ಯಾಶೆಗೆ ಎರಡು ಎಸ್‌ಎಸ್‌ಡಿ ಸೇರಿಸುವುದಿದೆ, ಒಂದೆರಡು ಡಿಸ್ಕನ್ನು ಬೋರ್ಡ್‌ಗೆ ಸರಿಸಿ ಅವನ್ನು ಕಾರ್ಡ್‌ಗೆ ಹಾಕಬಹುದೇ?

ಉತ್ತರ: ಹನ್ನೆರಡುವೋಲ್ಟ್

ಡಿಸ್ಕ್ 2ರ 14 ಹಳೆಯ ಗಾಯ, ಬಿಟ್ಟುಬಿಡಿ. ಜೆಡ್‌ಪೂಲ್ ಸ್ಟೇಟಸ್‌ಗೆ ವಿ ಆಯ್ಕೆ ಕೊಟ್ಟು ಹಾಳಾದ ಫೈಲ್‌ಗಳ ಪಟ್ಟಿ ಇದೆಯೇ ಮೊದಲು ನೋಡಿ. ರೇಡ್‌ಜೆಡ್2 ಎರಡು ಡಿಸ್ಕ್‌ನ ತಪ್ಪು ತಿದ್ದಬಲ್ಲದು, ನಾಲ್ಕು ಒಟ್ಟಿಗೆ ತಪ್ಪಿದ ಜಾಗ ಇದ್ದರೆ ಆ ಫೈಲ್ ಬ್ಯಾಕಪ್‌ನಿಂದ ತರಬೇಕು. ಪಟ್ಟಿ ಬರೆದಿಟ್ಟುಕೊಂಡು ಕ್ಲಿಯರ್ ಮಾಡಿ, ಪೂರ್ತಿ ಸ್ಕ್ರಬ್ ಓಡಿಸಿ, ಮುಗಿದ ಮೇಲೆ 12ನೇ ಅಂಕಿ ಮತ್ತೆ ನೋಡಿ.

ಉತ್ತರ: ಐಟಿಮೋಡ್

ಕ್ರಮದ ವಿಷಯದಲ್ಲಿ ಹನ್ನೆರಡುವೋಲ್ಟ್ ಹೇಳಿದ್ದೇ ಸರಿ. ಸ್ಕ್ರಬ್ ಒಮ್ಮೆ ಶುದ್ಧವಾಗಿ ಮುಗಿದ ಮೇಲೆ ಫ್ಲ್ಯಾಶ್ ಮಾಡಿ, ಎರಡನ್ನೂ ಒಂದೇ ದಿನ ಮಾಡಿದರೆ ಯಾವುದು ಏನನ್ನು ಸರಿಪಡಿಸಿತು ಗೊತ್ತಾಗುವುದಿಲ್ಲ. ಫರ್ಮ್‌ವೇರ್ ಬದಲಾಯಿಸಿದ ಮೇಲೆ ಪೂಲ್ ತಾನೇ ಗುರುತು ಹಿಡಿಯುತ್ತದೆ, ಡಿಸ್ಕ್‌ಗಳ ಪೋರ್ಟ್ ಕ್ರಮ ಬದಲಾದರೂ ಜೆಡ್‌ಎಫ್‌ಎಸ್‌ಗೆ ಲೆಕ್ಕವಿಲ್ಲ.

ಎಸ್‌ಎಸ್‌ಡಿ ಎರಡನ್ನೂ ಬೋರ್ಡ್‌ನ ಸಾಟಾ ಪೋರ್ಟ್‌ಗೇ ಹಾಕಿ, ತಿರುಗುವ ಡಿಸ್ಕ್ ಎಂಟೂ ಕಾರ್ಡ್‌ನಲ್ಲಿರಲಿ. ಸಾಸ್2008 ಹಿಂದೆ ಟ್ರಿಮ್ ಆಜ್ಞೆ (ಅಳಿಸಿದ ಜಾಗ ಖಾಲಿ ಎಂದು ಎಸ್‌ಎಸ್‌ಡಿಗೆ ತಿಳಿಸುವುದು) ಎಲ್ಲ ಎಸ್‌ಎಸ್‌ಡಿಗೂ ದಾಟುವುದಿಲ್ಲ. ಟ್ರಿಮ್ ಆದ ಜಾಗ ಓದಿದರೆ ಸೊನ್ನೆಯೇ ಬರುತ್ತದೆ ಎಂದು ಡ್ರೈವ್ ಮಾತು ಕೊಟ್ಟಿರಬೇಕು, ಸಾಮಾನ್ಯ ಮಾದರಿಗಳಲ್ಲಿ ಹಲವು ಹಾಗೆ ಕೊಡುವುದಿಲ್ಲ. ಬೋರ್ಡ್ ಪೋರ್ಟ್‌ನಲ್ಲಿ ಆ ತಕರಾರೇ ಇಲ್ಲ.